ಧೈರ್ಯ: ಶತ್ರುವಿನ ಎದುರು, ತನ್ನವರ ಎದುರು

ಧೈರ್ಯ ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಬಳಸುತ್ತೇವೆಯೋ ಲೆಕ್ಕವಿಲ್ಲ. ಪರೀಕ್ಷೆಗೆ ಹೊರಟ ಮಗುವಿಗೆ ‘ಧೈರ್ಯವಾಗಿ ಬರೆ’ ಎನ್ನುತ್ತೇವೆ. ಶಸ್ತ್ರಚಿಕಿತ್ಸೆಗೆ ಸಿದ್ಧರಾದ ಬಂಧುಗಳಿಗೆ ‘ಧೈರ್ಯ ತಂದುಕೊಳ್ಳಿ’ ಎನ್ನುತ್ತೇವೆ. ಸಾವಾದ ಮನೆಗೆ ಹೋದರೆ ‘ಧೈರ್ಯಗೆಡಬೇಡಿ’ ಎಂದು ಹೇಳಿ ಬರುತ್ತೇವೆ. ಗಡಿಯಲ್ಲಿ ಪ್ರಾಣ ತೆತ್ತ ಯೋಧನೂ ನಮಗೆ ಧೈರ್ಯಶಾಲಿಯೇ. ಕಿಕ್ಕಿರಿದ ಬೀದಿಯಲ್ಲಿ ಕಣ್ಣುಮುಚ್ಚಿ ಬೈಕು ಓಡಿಸುವ ಹುಡುಗನನ್ನು ಕಂಡಾಗಲೂ ‘ಎಂಥ ಧೈರ್ಯ ಇವನಿಗೆ!’ ಎಂದು ಉದ್ಗಾರ ತೆಗೆಯುತ್ತೇವೆ. ಒಂದೇ ಮಾತು ಇಷ್ಟು ಕಡೆ ದುಡಿಯುತ್ತಿರುವಾಗ ಅದರ ಅರ್ಥ ಸವೆದುಹೋಗುವುದು ಸಹಜ. ಸವೆದ ನಾಣ್ಯವನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಮುದ್ರೆ ಯಾವುದೆಂದು ನೋಡುವಂತೆ, ಈ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಇಂದಿನ ಭಾಷಣದ ಉದ್ದೇಶ.

ಮೊದಲು ಮಾತುಗಳಿಂದಲೇ ಆರಂಭಿಸೋಣ. ಧೀರನ ಭಾವ ಧೈರ್ಯ. ಶೂರನ ಭಾವ ಶೌರ್ಯ. ನಾವು ಇವೆರಡನ್ನೂ ಬೆರೆಸಿ ಬಳಸುತ್ತೇವಾದರೂ ಇವು ಒಂದೇ ಅಲ್ಲ. ಶೌರ್ಯ ಹೊರಗೆ ತೋರುವುದು. ಅದಕ್ಕೊಬ್ಬ ಎದುರಾಳಿ ಬೇಕು, ಒಂದು ರಣಾಂಗಣ ಬೇಕು. ಧೈರ್ಯ ಒಳಗಿನ ಸ್ಥಿತಿ. ಮನಸ್ಸು ಕದಡುವುದಕ್ಕೆ ತಕ್ಕ ಕಾರಣ ಎದುರಿಗಿದ್ದೂ ಕದಡದೆ ನಿಂತವನನ್ನು ನಮ್ಮ ಹಿಂದಿನವರು ಧೀರನೆಂದರು. ಕಾರಣವೇ ಇಲ್ಲದಾಗ ಶಾಂತವಾಗಿರುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲವಷ್ಟೆ. ಇನ್ನು ‘ಸಾಹಸ’ ಎಂಬ ಮಾತಿನ ಚರಿತ್ರೆ ಇನ್ನೂ ಸ್ವಾರಸ್ಯವಾದದ್ದು. ಇಂದು ಅದು ಮೆಚ್ಚುಗೆಯ ಮಾತು. ಆದರೆ ಧರ್ಮಶಾಸ್ತ್ರಗಳಲ್ಲಿ ಸಾಹಸವೆಂದರೆ ಬಲಾತ್ಕಾರದಿಂದ ಎಸಗಿದ ಅಪರಾಧ. ರಾಜನು ವಿಚಾರಿಸಿ ದಂಡಿಸಬೇಕಾದ ವ್ಯವಹಾರಗಳಲ್ಲಿ ಅದೂ ಒಂದು. ಮುಂದುಗಾಣದೆ ನುಗ್ಗುವುದು ಒಂದು ಕಾಲದಲ್ಲಿ ತಪ್ಪೆನಿಸಿಕೊಂಡಿತ್ತು. ಕಾಲಾಂತರದಲ್ಲಿ ಅದೇ ಗುಣವೆನಿಸಿತು. ನುಗ್ಗುವಿಕೆಯನ್ನು ಧೈರ್ಯವೆಂದು ಭ್ರಮಿಸುವ ನಮ್ಮ ಅಭ್ಯಾಸ ಹಳೆಯದೆಂಬುದಕ್ಕೆ ಈ ಮಾತೇ ಸಾಕ್ಷಿ.

ಅಚ್ಚಗನ್ನಡದಲ್ಲಿ ‘ಕಲಿ’ ಇದೆ, ‘ಎದೆಗಾರಿಕೆ’ ಇದೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಮಾತು ‘ಕೆಚ್ಚು’. ಮರದ ಒಳಗಿನ ಗಟ್ಟಿ ತಿರುಳಿಗೂ ಕೆಚ್ಚೆಂದೇ ಹೆಸರು. ಈ ಮಾತಿಗೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಧೈರ್ಯವೆಂದರೇನು ಎಂಬ ಪ್ರಶ್ನೆಯನ್ನೇ ವಸ್ತುವಾಗುಳ್ಳ ಒಂದು ಪ್ರಾಚೀನ ಕೃತಿ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ರಚಿಸಿದ ‘ಲಾಖೆಸ್’ ಎಂಬ ಸಂವಾದ. ಮಕ್ಕಳಿಗೆ ಆಯುಧವಿದ್ಯೆ ಕಲಿಸಬೇಕೆ ಬೇಡವೆ ಎಂದು ಇಬ್ಬರು ತಂದೆಯರು ಅಥೆನ್ಸಿನ ಇಬ್ಬರು ಸೇನಾನಿಗಳನ್ನು ಕೇಳುತ್ತಾರೆ. ಒಬ್ಬನು ಲಾಖೆಸ್, ಇನ್ನೊಬ್ಬನು ನಿಕಿಯಾಸ್. ಜೊತೆಯಲ್ಲಿದ್ದ ಸಾಕ್ರೆಟೀಸನು, ಆಯುಧದ ಮಾತು ಹಾಗಿರಲಿ, ಆಯುಧ ಹಿಡಿದವನಿಗೆ ಬೇಕಾದ ಧೈರ್ಯವೆಂದರೇನು, ಅದನ್ನು ಮೊದಲು ಹೇಳಿ ಎನ್ನುತ್ತಾನೆ. ಲಾಖೆಸನಿಗೆ ಇದು ಬಹು ಸುಲಭವಾಗಿ ಕಾಣುತ್ತದೆ: ನಿಯೋಜಿಸಿದ ಜಾಗದಲ್ಲಿ ಓಡಿಹೋಗದೆ ನಿಂತು ಹೋರಾಡುವವನು ಧೈರ್ಯಶಾಲಿ. ಹಾಗಾದರೆ ಹಿಂದೆ ಸರಿಯುತ್ತ ಹೋರಾಡುವ ಕುದುರೆಸವಾರರ ಗತಿಯೇನು? ಕಡಲಿನ ಅಪಾಯದಲ್ಲಿ, ಕಾಯಿಲೆಯಲ್ಲಿ, ಬಡತನದಲ್ಲಿ, ರಾಜಕಾರಣದಲ್ಲಿ ಧೈರ್ಯ ತೋರುವವರು ಇಲ್ಲವೆ? ಲಾಖೆಸನು ಸೋತು, ಧೈರ್ಯವೆಂದರೆ ಮನಸ್ಸಿನ ತಾಳ್ಮೆ ಎನ್ನುತ್ತಾನೆ. ಮೂರ್ಖನ ತಾಳ್ಮೆಯೂ ಧೈರ್ಯವೆ ಎಂದು ಕೇಳಿದಾಗ ಅದೂ ಬಿದ್ದುಹೋಗುತ್ತದೆ. ಆಗ ವಿಚಾರವಂತನಾದ ನಿಕಿಯಾಸನು, ಯಾವುದಕ್ಕೆ ಅಂಜಬೇಕು ಯಾವುದಕ್ಕೆ ಅಂಜಬಾರದು ಎಂಬ ತಿಳಿವೇ ಧೈರ್ಯ ಎಂದು ಹೇಳುತ್ತಾನೆ. ಅದೂ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಸಂವಾದ ಉತ್ತರವಿಲ್ಲದೆ ಮುಗಿಯುತ್ತದೆ. ಜೀವಮಾನವೆಲ್ಲ ಯುದ್ಧಭೂಮಿಯಲ್ಲಿ ಕಳೆದ ಇಬ್ಬರಿಗೆ ಧೈರ್ಯದ ಲಕ್ಷಣ ಹೇಳಲು ಬರಲಿಲ್ಲ.

ಈ ಸಂವಾದದ ನಡುವೆ ಒಂದು ಮಾತು ಬರುತ್ತದೆ. ಮೃಗಗಳನ್ನೂ ಏನೂ ಅರಿಯದ ಹಸುಳೆಗಳನ್ನೂ ಧೈರ್ಯಶಾಲಿಗಳೆನ್ನಲು ನಿಕಿಯಾಸನು ಒಪ್ಪುವುದಿಲ್ಲ. ಅವಕ್ಕೆ ಅಂಜಿಕೆಯಿಲ್ಲ ಎನ್ನಬಹುದು. ಅಂಜಿಕೆಯಿಲ್ಲದಿರುವುದು ಬೇರೆ, ಧೈರ್ಯ ಬೇರೆ ಎಂಬುದು ಅವನ ವಾದ. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರು ನೆನಪಾಗುತ್ತದೆ. ಕ್ರಿ.ಶ. ೯೪೯ರ ಸುಮಾರಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ ಮೆಚ್ಚಿದ್ದನ್ನು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯೊಡನೆ ಕಾದಿ, ಎರಡೂ ಒಟ್ಟಿಗೆ ಸತ್ತವು. ಮಣಲೆರನು ಆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟನು. ನಾಯಿಯೂ ಹಂದಿಯೂ ಸೆಣಸುವ ಚಿತ್ರವುಳ್ಳ ಆ ಶಾಸನಶಿಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ತಾರ್ಕಿಕನಾದ ನಿಕಿಯಾಸನು ಧೈರ್ಯವಂತರ ಪಂಕ್ತಿಯಲ್ಲಿ ಕೂರಿಸಲೊಲ್ಲದ ಪ್ರಾಣಿಗೆ ಕನ್ನಡಿಗನು ವೀರಗಲ್ಲನ್ನೇ ನಿಲ್ಲಿಸಿದ. ಮಣಲೆರನಿಗೆ ತರ್ಕ ಬಾರದೆಂದಲ್ಲ. ಅವನು ನಾಯಿಯಲ್ಲಿ ಮೆಚ್ಚಿದ್ದು ಅಂಜಿಕೆಯಿಲ್ಲದಿರುವಿಕೆಯನ್ನು ಮಾತ್ರವಲ್ಲ, ಹಿಡಿದದ್ದನ್ನು ಬಿಡದ ನಿಷ್ಠೆಯನ್ನು ಎಂದು ನನಗೆ ತೋರುತ್ತದೆ.

ವೀರಗಲ್ಲುಗಳ ಮಾತು ಬಂದಿತಾಗಿ ಒಂದೆರಡು ವಿಷಯ ಹೇಳಬೇಕು. ಕನ್ನಡನಾಡಿನಲ್ಲಿ ಇಂಥ ಕಲ್ಲುಗಳು ಸಾವಿರಾರು ಇವೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಹಾಳು ಗುಡಿಗಳ ಹಿಂಬದಿಯಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಇವುಗಳಲ್ಲಿ ಸಾಮ್ರಾಜ್ಯಗಳ ಮಹಾಯುದ್ಧಗಳಲ್ಲಿ ಮಡಿದವರ ಕಲ್ಲುಗಳೂ ಉಂಟು. ಆದರೆ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಕಾರಣಗಳು ಬೇರೆ: ‘ತುರುಗೋಳ್’, ಎಂದರೆ ದನಗಳನ್ನು ಹೊಡೆದುಕೊಂಡು ಹೋಗುವಾಗ ತಡೆದು ಸತ್ತದ್ದು, ‘ಪೆಣ್ಬುಯ್ಯಲ್’, ಎಂದರೆ ಹೆಣ್ಣುಮಕ್ಕಳ ಮೊರೆಗೆ ಓಗೊಟ್ಟು ಸತ್ತದ್ದು, ‘ಊರಳಿವು’, ಎಂದರೆ ಊರನ್ನು ಉಳಿಸಲು ಹೋಗಿ ಸತ್ತದ್ದು. ಈ ವೀರರಲ್ಲಿ ಅನೇಕರು ದಂಡನಾಯಕರಲ್ಲ, ಸಾಮಾನ್ಯ ಊರವರು. ಅವರನ್ನು ಮನೆಯಿಂದ ಹೊರಗೆಳೆದದ್ದು ಕೀರ್ತಿಯ ಹಂಬಲವೇ ಆಗಿರಲಾರದು. ಮೊರೆಯಿಟ್ಟ ದನಿ ಅವರಿಗೆ ಪರಿಚಿತವಾದದ್ದು. ಹೊಡೆದುಕೊಂಡು ಹೋಗುತ್ತಿದ್ದ ಹಸುಗಳು ಅವರ ಊರಿನವು. ನಂಬಿದವರ ಹಂಗು ಅವರ ಮೇಲಿತ್ತು. ಈ ಹಂಗು ಎಂಬ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಅವರಿಗೆ ಅಂಜಿಕೆ ಇರಲಿಲ್ಲವೆ? ಇದ್ದೇ ಇತ್ತೆಂದು ಧಾರಾಳವಾಗಿ ಹೇಳಬಹುದು. ಅಂಜಿಕೆ ದೇಹದ ಧರ್ಮ. ಅಪಾಯ ಕಂಡಾಗ ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಅಂಗೈ ಬೆವರುವುದು ಹೇಡಿತನದ ಗುರುತಲ್ಲ, ಜೀವವಿರುವುದರ ಗುರುತು. ಇದನ್ನು ನಮ್ಮ ಕವಿಗಳು ಚೆನ್ನಾಗಿ ಬಲ್ಲರು. ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರನನ್ನು ಯಾರು ಮರೆತಾರು? ಅಂತಃಪುರದ ಹೆಂಗಳೆಯರ ನಡುವೆ ಅವನ ಪೌರುಷಕ್ಕೆ ಎಣೆಯಿಲ್ಲ. ಸಾರಥಿಯೊಬ್ಬ ಸಿಕ್ಕಿದರೆ ಸಾಕು, ಭೀಷ್ಮ ದ್ರೋಣರೆಲ್ಲ ಅವನಿಗೆ ಲೆಕ್ಕಕ್ಕಿಲ್ಲ. ಕೌರವಸೇನೆ ಕಣ್ಣಿಗೆ ಬಿದ್ದ ಕೂಡಲೆ ರಥದಿಂದ ಧುಮುಕಿ ಓಡುತ್ತಾನೆ. ಗಮಕಿಗಳು ಈ ಭಾಗವನ್ನು ವಾಚಿಸಿದಾಗ ನಗದವರಿಲ್ಲ. ಇಂದಿಗೂ ಬಾಯಿಬಡುಕನನ್ನು ನಾವು ಉತ್ತರಕುಮಾರನೆಂದೇ ಕರೆಯುತ್ತೇವೆ.

ಆದರೆ ಉತ್ತರನ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಬೃಹನ್ನಳೆಯ ವೇಷದ ಅರ್ಜುನ ಅವನನ್ನು ಅಟ್ಟಿ ಹಿಡಿದು, ತೇಲಿಸಿ ಮಾತನಾಡದೆ, ಬೈದು ಓಡಿಸದೆ, ನೀನು ಕುದುರೆಗಳ ಹಗ್ಗ ಹಿಡಿ, ಕಾದುವ ಕೆಲಸ ನನಗಿರಲಿ ಎಂದನು. ಓಡಿದ ಹುಡುಗ ಮರಳಿ ಬಂದು ರಥ ನಡೆಸಿದ. ಅಂಜಿಕೆ ಹೋಗಿರಲಿಲ್ಲ, ಅಂಜಿಕೆಯ ಜೊತೆಯಲ್ಲೇ ಮಾಡಬಹುದಾದ ಒಂದು ಕೆಲಸ ಕೈಗೆ ಸಿಕ್ಕಿತ್ತು, ಪಕ್ಕದಲ್ಲಿ ನಂಬಿಕೆಗೆ ತಕ್ಕ ಒಬ್ಬನಿದ್ದ. ಮುಂದೆ ಕುರುಕ್ಷೇತ್ರದ ಮೊದಲನೆಯ ದಿನವೇ, ಇದೇ ಉತ್ತರ ಆನೆಯನ್ನೇರಿ ಮದ್ರರಾಜ ಶಲ್ಯನ ಮೇಲೆ ಬಿದ್ದು, ಅವನ ಕೈಯಲ್ಲಿ ಮಡಿದನೆಂದು ವ್ಯಾಸರು ಹೇಳುತ್ತಾರೆ. ರಥದಿಂದ ಧುಮುಕಿ ಓಡಿದವನೂ ಆನೆಯ ಮೇಲೆ ಸತ್ತವನೂ ಒಬ್ಬನೇ. ಹೇಡಿ, ವೀರ ಎಂಬುವು ಹುಟ್ಟಿನಿಂದ ಬರುವ ಎರಡು ಜಾತಿಗಳಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇಲ್ಲಿಯವರೆಗೆ ನಾವು ಕಂಡದ್ದು ಶತ್ರುವಿನ ಎದುರಿನ ಧೈರ್ಯ. ಅದು ದೊಡ್ಡದು, ಸಂದೇಹವಿಲ್ಲ. ಆದರೆ ಅದನ್ನು ಕಲಿಸುವ ವಿಧಾನಗಳನ್ನು ಮನುಷ್ಯ ಬಹು ಹಿಂದೆಯೇ ಕಂಡುಕೊಂಡಿದ್ದಾನೆ. ಕವಾಯತು, ಧ್ವಜ, ರಣಭೇರಿ, ಹೆಗಲಿಗೆ ಹೆಗಲು ಕೊಟ್ಟು ನಿಂತ ಜೊತೆಗಾರರು, ಸತ್ತರೆ ಕಲ್ಲು, ಗೆದ್ದರೆ ಪದಕ — ಇವೆಲ್ಲವೂ ಅದಕ್ಕೆ ಒತ್ತಾಸೆ. ಇವಾವುದರ ಒತ್ತಾಸೆಯೂ ಇಲ್ಲದ ಇನ್ನೊಂದು ಧೈರ್ಯವಿದೆ. ಅದು ತನ್ನವರ ಎದುರಿನ ಧೈರ್ಯ. ತನ್ನ ಕುಲ, ತನ್ನ ಊರು, ತನ್ನ ಪಕ್ಷ, ತನ್ನ ಗೆಳೆಯರ ಗುಂಪು ಒಟ್ಟಾಗಿ ತಪ್ಪು ಮಾಡುತ್ತಿರುವಾಗ ಎದ್ದು ‘ಇದು ಸಲ್ಲದು’ ಎನ್ನುವ ಧೈರ್ಯ. ಶತ್ರುವಿನ ಬಾಣಕ್ಕೆ ಅಂಜದವರು ಬಂಧುವಿನ ಹುಬ್ಬುಗಂಟಿಗೆ ಅಂಜಿದ್ದಾರೆ. ಪ್ರಪಂಚದ ಎಷ್ಟೋ ಅನರ್ಥಗಳು ಶೂರರ ಕೊರತೆಯಿಂದ ಆದವಲ್ಲ, ಶೂರರ ಮೌನದಿಂದ ಆದವು.

ಆ ನಿಕಿಯಾಸನನ್ನೇ ನೋಡಿ. ಅಥೆನ್ಸ್ ನಗರ ಕ್ರಿ.ಪೂ. ೪೧೫ರಲ್ಲಿ ಸಿಸಿಲಿ ದ್ವೀಪದ ಮೇಲೆ ದಂಡಯಾತ್ರೆ ಹೊರಟಾಗ ಅದು ಬೇಡವೆಂದು ವಾದಿಸಿದವನನ್ನೇ ಸೇನಾನಿಗಳಲ್ಲೊಬ್ಬನಾಗಿ ಕಳುಹಿಸಿದರು. ಎರಡು ವರ್ಷಗಳಲ್ಲಿ ಸೋಲು ಖಚಿತವಾಯಿತು. ಹಿಂದಿರುಗೋಣವೆಂದು ಸಹಸೇನಾನಿ ಒತ್ತಾಯಿಸಿದ. ಆಗ ನಿಕಿಯಾಸನು ಕೊಟ್ಟ ಕಾರಣವನ್ನು ಇತಿಹಾಸಕಾರ ಥೂಸಿಡಿಡೀಸ್ ದಾಖಲಿಸಿದ್ದಾನೆ. ಅಥೆನ್ಸಿನ ಜನ ಎಂಥವರೆಂದು ತನಗೆ ಗೊತ್ತು. ಹಿಂದಿರುಗಿದರೆ ಲಂಚ ತಿಂದು ಬಂದರೆಂದು ಇದೇ ಸೈನಿಕರು ಕೂಗುವರು. ಅವರ ಕೈಯಲ್ಲಿ ಅನ್ಯಾಯವಾಗಿ ಸಾಯುವುದಕ್ಕಿಂತ ಶತ್ರುಗಳ ಕೈಯಲ್ಲಿ ಸಾಯುವುದು ಮೇಲು ಎಂಬುದು ಅವನ ಅಭಿಪ್ರಾಯ. ಕಡೆಗೆ ಅವನು ಹೊರಡಲು ಒಪ್ಪಿದಾಗ ಚಂದ್ರಗ್ರಹಣವಾಯಿತು. ಶಕುನದವರ ಮಾತು ಕೇಳಿ ಮತ್ತೆ ತಡಮಾಡಿದ. ಸೇನೆ ಸರ್ವನಾಶವಾಯಿತು. ಸೆರೆಸಿಕ್ಕವರು ಏಳು ಸಾವಿರಕ್ಕೆ ಕಡಿಮೆಯಿಲ್ಲ. ಅವರನ್ನು ಕಲ್ಲುಗಣಿಗಳಲ್ಲಿ ಕೂಡಿಹಾಕಿದರು. ನಿಕಿಯಾಸನನ್ನೂ ಕೊಂದರು. ಸಾವಿಗೆ ಅಂಜುವವನಲ್ಲ ಅವನು. ಅವನು ಅಂಜಿದ್ದು ತನ್ನ ಊರಿನ ಜನರ ಆಪಾದನೆಗೆ. ಯಾವುದಕ್ಕೆ ಅಂಜಬೇಕೆಂಬ ತಿಳಿವೇ ಧೈರ್ಯವೆಂದು ಪ್ಲೇಟೋವಿನ ಸಂವಾದದಲ್ಲಿ ನುಡಿಯುವವನೂ ಇವನೇ! ಆ ಒಬ್ಬನ ಅಂಜಿಕೆಗೆ ಸಾವಿರಾರು ಜನ ಬೆಲೆ ತೆತ್ತರು.

ನಮ್ಮ ಮಹಾಭಾರತದಲ್ಲಿ ಇದಕ್ಕಿಂತ ಘೋರವಾದ ಸನ್ನಿವೇಶವಿದೆ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಅಲ್ಲಿ ಕುಳಿತಿದ್ದವರೆಲ್ಲ ಯಾರು? ಪರಶುರಾಮನಿಗೇ ಎದುರು ನಿಂತ ಭೀಷ್ಮ, ಶಸ್ತ್ರವಿದ್ಯೆಗೆ ಗುರುವಾದ ದ್ರೋಣ, ಕೃಪ. ಅವಳು ಕೇಳಿದ್ದು ಒಂದು ಪ್ರಶ್ನೆ: ತನ್ನನ್ನು ತಾನು ಸೋತವನಿಗೆ ನನ್ನನ್ನು ಪಣವಿಡುವ ಹಕ್ಕುಂಟೆ? ಭೀಷ್ಮನು ಧರ್ಮ ಸೂಕ್ಷ್ಮವಾದದ್ದು, ನಿರ್ಣಯಿಸಲಾರೆ ಎಂದನು. ಉಳಿದವರು ಬಾಯಿ ಬಿಡಲಿಲ್ಲ. ಆಗ ಎದ್ದವನು ಧೃತರಾಷ್ಟ್ರನ ನೂರು ಮಕ್ಕಳಲ್ಲಿ ಒಬ್ಬನಾದ ವಿಕರ್ಣ. ಪ್ರಶ್ನೆಗೆ ಉತ್ತರ ಕೊಡಿ ಎಂದು ಹಿರಿಯರನ್ನು ಕೇಳಿದ. ಯಾರೂ ಕೊಡದಿದ್ದಾಗ ತಾನೇ ಕೊಟ್ಟ. ಜೂಜಿನ ಮತ್ತಿನಲ್ಲಿದ್ದವನು, ಮೊದಲೇ ತನ್ನನ್ನು ಸೋತವನು, ಐವರಿಗೂ ಪತ್ನಿಯಾದವಳನ್ನು ಒಡ್ಡಿದ್ದು ಸಲ್ಲದು, ಇವಳು ಸೋತವಳಲ್ಲ. ಸಭೆಯಲ್ಲಿ ಮೆಚ್ಚುಗೆಯ ಕೋಲಾಹಲವೆದ್ದಿತೆಂದು ವ್ಯಾಸರು ಬರೆಯುತ್ತಾರೆ. ಆದರೆ ಮೆಚ್ಚಿದವರಲ್ಲಿ ಒಬ್ಬನೂ ಎದ್ದು ಅವನ ಪಕ್ಕ ನಿಲ್ಲಲಿಲ್ಲ. ಗದ್ದಲ ಅಡಗಿದಾಗ ಅವನನ್ನು ಹುಡುಗನೆಂದು ಗದರಿಸಿ ಕೂರಿಸಿದವನು ಕರ್ಣ.

ಕರ್ಣನ ಹೆಸರು ಕನ್ನಡಿಗರಿಗೆ ಬಹು ಪ್ರಿಯವಾದದ್ದು. ಕ್ರಿ.ಶ. ೯೪೧ರಲ್ಲಿ ರಚಿತವಾದ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನೇ ಕಥಾನಾಯಕನಾದರೂ ಕವಿಯ ಹೃದಯ ಗೆದ್ದವನು ಕರ್ಣ. ತಾನು ಕುಂತಿಯ ಮಗನೆಂದು ತಿಳಿದ ಮೇಲೂ ದುರ್ಯೋಧನನ ಪಕ್ಷ ಬಿಡದ ಅವನ ನಿಲುವಿಗೆ ನಮ್ಮ ಹಳೆಯ ಸಾಹಿತ್ಯದಲ್ಲಿ ಒಂದು ಹೆಸರಿದೆ: ಜೋಳವಾಳಿ. ಉಂಡ ಜೋಳಕ್ಕೆ ತಪ್ಪದಿರುವುದು. ಆ ಋಣ ಅವನನ್ನು ರಣಾಂಗಣದಲ್ಲಿ ಧೀರನನ್ನಾಗಿ ಮಾಡಿತು. ಅದೇ ಋಣವೇ, ವ್ಯಾಸರ ಸಭಾಪರ್ವದಲ್ಲಿ, ಅವನ ಕಣ್ಣಿಗೆ ಪೊರೆಯಾಗಿ ನಿರಪರಾಧಿಯಾದ ಹೆಣ್ಣಿಗೆ ಅಪಮಾನ ಮಾಡಿಸಿತೆಂದರೆ ತಪ್ಪಾಗದು. ಭೀಷ್ಮದ್ರೋಣರ ನಾಲಗೆ ಕಟ್ಟಿದ್ದೂ ಹಸ್ತಿನಾವತಿಯ ಅನ್ನವೇ. ಆದ್ದರಿಂದ ಋಣವಿದ್ದರೆ ಸಾಲದು, ಅದು ಯಾರ ಋಣ ಎಂಬುದು ಮುಖ್ಯ. ನಮಗೆ ಅನ್ನವಿಕ್ಕುವ ಬಲಿಷ್ಠರ ಋಣ ಒಂದು. ನಮ್ಮನ್ನು ನಂಬಿರುವ, ಅಥವಾ ನಮ್ಮ ಕಣ್ಣೆದುರು ನೋಯುತ್ತಿರುವ ದುರ್ಬಲರ ಋಣ ಇನ್ನೊಂದು. ಇವೆರಡೂ ಬೇರೆಬೇರೆ ದಿಕ್ಕಿಗೆ ಎಳೆದಾಗ ಮನುಷ್ಯ ಯಾವ ಕಡೆಗೆ ಹೋಗುವನೋ ಅಲ್ಲಿ ಅವನ ಧೈರ್ಯದ ಪರೀಕ್ಷೆಯಾಗುತ್ತದೆ. ವಿಕರ್ಣನೂ ಅಣ್ಣನ ಪಕ್ಷ ಬಿಟ್ಟುಹೋಗಲಿಲ್ಲ. ಯುದ್ಧದಲ್ಲಿ ಭೀಮನಿಂದಲೇ ಹತನಾದ. ಕೊಂದ ಭೀಮನೇ ಅವನಿಗಾಗಿ ಮರುಗಿದ. ಶತ್ರುಪಕ್ಷದ ಒಬ್ಬನಿಗಾಗಿ ಭೀಮ ಮರುಗಿದ್ದುಂಟೆಂದರೆ, ಸಭೆಯಲ್ಲಿ ಆಡಿದ ಆ ನಾಲ್ಕು ಮಾತಿನ ತೂಕ ಎಷ್ಟೆಂದು ತಾವೇ ಊಹಿಸಬಹುದು.

ಪುರಾಣದ ಮಾತಾಯಿತು. ನಾನು ಕಣ್ಣಾರೆ ಕಂಡ ಒಂದು ಚಿಕ್ಕ ಸಂಗತಿಯನ್ನು ಹೇಳುತ್ತೇನೆ. ಅಧ್ಯಾಪಕ ವೃತ್ತಿಗೆ ಸೇರಿದ ಎರಡನೆಯ ವರ್ಷ. ಕಾಲೇಜಿನ ಗ್ರಂಥಾಲಯದಿಂದ ಬೆಲೆಬಾಳುವ ಕೆಲವು ಪುಸ್ತಕಗಳು ಕಾಣೆಯಾದವು. ಬೀಗದ ಕೈ ಯಾರ ಬಳಿ ಇದೆಯೋ ಅವನ ಮೇಲೆ ಗುಮಾನಿ ಬರುವುದು ಲೋಕರೂಢಿ; ಅಟೆಂಡರನ ಮೇಲೆ ಬಂತು. ಹದಿನೆಂಟು ವರ್ಷ ಕೆಲಸ ಮಾಡಿದ ಮುದುಕ, ತುಂಬು ಸಂಸಾರದವನು. ಪುಸ್ತಕ ತೆಗೆದವರು ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳೆಂಬುದು ಆ ತರಗತಿಗೆಲ್ಲ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ವಿಚಾರಣೆಯ ದಿನ ತರಗತಿಯ ಒಬ್ಬ ಹುಡುಗ, ಉಗ್ಗುಮಾತಿನವನು, ಪಾಠದ ಪ್ರಶ್ನೆಗೂ ತಲೆ ಎತ್ತಿ ಉತ್ತರ ಹೇಳದವನು, ಕೋಣೆಯೊಳಕ್ಕೆ ಬಂದು ಮೇಜಿನ ಅಂಚು ಹಿಡಿದು ನಿಂತ. ಮೇಜು ನಡುಗುತ್ತಿತ್ತು. ‘ಅವರು ತೆಗೆದದ್ದಲ್ಲ, ನಮ್ಮವರು ತೆಗೆದದ್ದು’ ಎಂಬಷ್ಟನ್ನು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅಟೆಂಡರನ ಕೆಲಸ ಉಳಿಯಿತು. ಆ ಹುಡುಗನ ಬೆಂಚಿನಲ್ಲಿ ಮಾತ್ರ ವರ್ಷ ಮುಗಿಯುವವರೆಗೆ ಯಾರೂ ಕೂರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಮನೆಯಲ್ಲಿ ಅವನು ಸಿಕ್ಕಿದಾಗ, ಅಂದು ಭಯವಾಗಲಿಲ್ಲವೆ ಎಂದು ಕೇಳಿದೆ. ‘ಭಯ ಆಗಿತ್ತು ಸರ್, ಬಹಳ. ಆದರೆ ನಮ್ಮ ಮನೇಲಿ ದೀಪ ಇರಲಿಲ್ಲ. ಅವರು ದಿನಾ ಸಾಯಂಕಾಲ ಕಿಟಕಿಗಳನ್ನೆಲ್ಲ ಹಾಕಿಬಂದು, ನೀನು ಇನ್ನು ಹತ್ತು ನಿಮಿಷ ಓದ್ಕೋ ಮಗಾ, ಆಮೇಲೆ ಬೀಗ ಹಾಕ್ತೀನಿ ಅಂತ ಬಾಗಿಲಲ್ಲಿ ಕೂತಿರ್ತಿದ್ದರು’ ಎಂದ. ನಾನು ಮತ್ತೇನೂ ಕೇಳಲಿಲ್ಲ. ಜೋಳವಾಳಿಯ ವಿಷಯವಾಗಿ ಅನೇಕ ವರ್ಷ ಪಾಠ ಹೇಳಿದ್ದೇನೆ. ಅದರ ಅರ್ಥವನ್ನು ಅಷ್ಟು ಸ್ಪಷ್ಟವಾಗಿ ಹೇಳಿದ ಭಾಷ್ಯವನ್ನು ಬೇರೆಲ್ಲಿಯೂ ಕಂಡಿಲ್ಲ. ದಿನಕ್ಕೆ ಹತ್ತು ನಿಮಿಷದ ಬೆಳಕಿನ ಋಣ ಅದು.

ಒಂದು ದಿನದ ಧೈರ್ಯ ಒಂದು ಬಗೆ. ಅದನ್ನು ಮೂವತ್ತು ವರ್ಷ ನಡೆಸಿಕೊಂಡು ಹೋಗುವುದು ಇನ್ನೊಂದು ಬಗೆ. ಮಂಗಳೂರಿನ ಕುದ್ಮುಲ್ ರಂಗರಾಯರು ಈ ಎರಡನೆಯ ಬಗೆಯವರು. ೧೮೫೯ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು, ಸಾರಸ್ವತ ಬ್ರಾಹ್ಮಣ ಮನೆತನ, ವೃತ್ತಿ ವಕೀಲಿ. ಅಸ್ಪೃಶ್ಯರೆಂದು ದೂರವಿಟ್ಟ ಜನರ ಮಕ್ಕಳಿಗಾಗಿ ೧೮೯೦ರ ದಶಕದಲ್ಲಿ ಶಾಲೆ ತೆರೆದರು. ೧೮೯೭ರಲ್ಲಿ ಆ ಕೆಲಸಕ್ಕೆಂದೇ ‘ಡಿಪ್ರೆಸ್ಡ್ ಕ್ಲಾಸಸ್ ಮಿಷನ್’ ಎಂಬ ಸಂಸ್ಥೆ ಕಟ್ಟಿದರು. ಅಕ್ಷರದ ಜೊತೆಗೆ ಕೈಕಸುಬು, ವಸತಿಗೆ ನೆಲ — ಹೀಗೆ ಕೆಲಸ ಬೆಳೆಯಿತು. ಅವರ ಎದುರಿಗೆ ಖಡ್ಗ ಹಿಡಿದ ಶತ್ರು ಯಾರೂ ಇರಲಿಲ್ಲ. ಇದ್ದವರು ಅವರ ಬಂಧುಗಳು, ಅವರ ಕುಲದವರು, ನೆರೆಯವರು. ಕುಲದವರು ಬಹಿಷ್ಕಾರ ಹಾಕಿದರು. ಇಂದು ಬಹಿಷ್ಕಾರವೆಂದರೆ ನಮಗೆ ಪುಸ್ತಕದ ಮಾತು. ಆ ಕಾಲದಲ್ಲಿ ಅದರ ಅರ್ಥ, ಹಬ್ಬಕ್ಕೆ ಕರೆಯಿಲ್ಲ, ಮದುವೆಗೆ ಸಂಬಂಧವಿಲ್ಲ, ಸತ್ತರೆ ಹೆಗಲು ಕೊಡುವವರಿಲ್ಲ. ಯುದ್ಧ ಒಂದು ಸಂಜೆಗೆ ಮುಗಿಯುತ್ತದೆ. ಬಹಿಷ್ಕಾರ ಪ್ರತಿದಿನ ಬೆಳಗ್ಗೆ ಹೊಸದಾಗಿ ಆರಂಭವಾಗುತ್ತದೆ. ೧೯೨೮ರಲ್ಲಿ ತೀರಿಕೊಳ್ಳುವವರೆಗೆ ಅವರು ಹಿಡಿದ ಕೆಲಸ ಬಿಡಲಿಲ್ಲ. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಮುಂದೆ ದೊಡ್ಡ ಹುದ್ದೆಗೇರಿ ವಾಹನದಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಬದುಕು ಸಾರ್ಥಕ ಎಂಬುದು ಅವರ ಆಶಯವಾಗಿತ್ತೆಂದು ಮಂಗಳೂರಿನ ಜನ ಇಂದಿಗೂ ನೆನೆಯುತ್ತಾರೆ. ಅವರ ಮಗಳು ರಾಧಾಬಾಯಿ ಸುಬ್ಬರಾಯನ್ ಸಾರ್ವಜನಿಕ ಜೀವನದಲ್ಲಿ ಹೆಸರಾದರು. ರಾಧಾಬಾಯಿಯವರ ಮಗ ಜನರಲ್ ಪಿ. ಪಿ. ಕುಮಾರಮಂಗಲಂ ಎರಡನೆಯ ಮಹಾಯುದ್ಧದಲ್ಲಿ ಶೌರ್ಯಕ್ಕಾಗಿ ಪದಕ ಪಡೆದು, ೧೯೬೬ರಿಂದ ೧೯೬೯ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮೊಮ್ಮಗನ ಎದೆಯ ಮೇಲೆ ಪದಕಗಳಿದ್ದವು. ತಾತನ ಧೈರ್ಯಕ್ಕೆ ಅಂದು ಸಿಕ್ಕಿದ್ದು ಬಹಿಷ್ಕಾರ. ಎರಡೂ ಧೈರ್ಯವೇ, ಆದರೆ ಯಾವುದು ಹೆಚ್ಚು ಒಂಟಿಯೆಂದು ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಸೇರಿಸದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಶಾಲೆ ತೆರೆದವರ ಧೈರ್ಯವನ್ನು ಕೊಂಡಾಡುವಾಗ, ಆ ಶಾಲೆಗೆ ಮಕ್ಕಳನ್ನು ಕಳುಹಿಸಿದ ತಾಯಿತಂದೆಯರನ್ನು ನಾವು ಮರೆಯುತ್ತೇವೆ. ಮೇಲಿನವರ ಅನುಗ್ರಹದಿಂದಲೇ ತುತ್ತು ಕಾಣುತ್ತಿದ್ದವರು, ಅವರ ಕಣ್ಣಿಗೆ ಕೆಂಪಾಗಬಹುದಾದ ಕೆಲಸಕ್ಕೆ ಮಕ್ಕಳನ್ನು ಕಳುಹಿಸಿದರು. ಕೈಯಲ್ಲಿ ಹಲಗೆ ಹಿಡಿದು, ತಾನು ನಡೆಯಬಾರದ ದಾರಿ ಯಾವುದು, ನಡೆಯಬಹುದಾದ ದಾರಿ ಯಾವುದು ಎಂದು ನೋಡಿ ನೋಡಿ ಹೆಜ್ಜೆಯಿಟ್ಟ ಆ ಮಕ್ಕಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕನ್ನಡನಾಡಿನ ಸಾವಿರಾರು ವೀರಗಲ್ಲುಗಳ ಜೊತೆಗೆ, ಕೆತ್ತದೆ ಉಳಿದ ಇಂಥ ಕಲ್ಲುಗಳು ಎಷ್ಟು ಸಾವಿರವೋ!

ಹಾಗಾದರೆ ಮನುಷ್ಯನನ್ನು ಧೈರ್ಯವಂತನನ್ನಾಗಿ ಮಾಡುವುದು ಯಾವುದು? ಇಷ್ಟು ಉದಾಹರಣೆಗಳನ್ನು ಪರಿಶೀಲಿಸಿದ ಮೇಲೆ ನನಗೆ ಮೂರು ಅಂಶಗಳು ಕಾಣುತ್ತವೆ. ಮೊದಲನೆಯದು, ಆಗಲೇ ಹೇಳಿದ ಹಂಗು. ಅಮೂರ್ತವಾದ ಆದರ್ಶಕ್ಕಾಗಿ ಎದ್ದು ನಿಲ್ಲುವವರು ಕೆಲವರೇ. ಹೆಚ್ಚಿನವರು ನಿಲ್ಲುವುದು ಒಂದು ಮುಖಕ್ಕಾಗಿ, ಒಂದು ದನಿಗಾಗಿ, ಬಾಗಿಲಲ್ಲಿ ಕಾದು ಕುಳಿತ ಒಬ್ಬ ಅಟೆಂಡರನಿಗಾಗಿ. ಪ್ರೀತಿಸಲು ತಿಳಿಯದವನು ನುಗ್ಗಬಲ್ಲ, ನಿಲ್ಲಲಾರ. ಎರಡನೆಯದು, ಜೊತೆ. ಉತ್ತರನಿಗೆ ಅರ್ಜುನ ದೊರೆತಂತೆ, ಅಂಜಿದವನನ್ನು ಹಂಗಿಸದೆ ಅವನ ಕೈಗೆ ಹಗ್ಗ ಕೊಡುವವರು ಬೇಕು. ಸಭೆಯಲ್ಲಿ ವಿಕರ್ಣನನ್ನು ಮೆಚ್ಚಿದವರಲ್ಲಿ ಹತ್ತು ಜನ ಎದ್ದು ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಮೊದಲು ಏಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಎದ್ದವನ ಪಕ್ಕದಲ್ಲಿ ಎರಡನೆಯವನಾಗಿ ನಿಲ್ಲುವುದು ಅದಕ್ಕಿಂತ ಸುಲಭ, ಆದರೂ ಅದೂ ಧೈರ್ಯವೇ. ಮೂರನೆಯದು, ಅಭ್ಯಾಸ. ಧೈರ್ಯದ ಕೆಲಸಗಳನ್ನು ಮಾಡುತ್ತ ಮಾಡುತ್ತಲೇ ನಾವು ಧೈರ್ಯವಂತರಾಗುತ್ತೇವೆಂದು ಅರಿಸ್ಟಾಟಲನು ಹೇಳಿದ್ದಾನೆ. ನಾಲ್ಕು ಜನ ಸೇರಿ ಇಲ್ಲದವನನ್ನು ಆಡಿಕೊಳ್ಳುವಾಗ ‘ಹಾಗಲ್ಲ’ ಎನ್ನುವುದು, ಅಂಗಡಿಯವನು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಹಿಂದಿರುಗಿಸುವುದು, ಮನೆಯ ಹಿರಿಯರ ಎದುರು ಸೊಸೆಯ ಪರವಾಗಿ ಒಂದು ನ್ಯಾಯದ ಮಾತಾಡುವುದು: ಇವು ಆ ಅಭ್ಯಾಸದ ಮೊದಲ ಪಾಠಗಳು. ಚಿಕ್ಕ ಮಾತಿಗೆ ನಾಲಗೆ ಏಳದವನಿಗೆ ದೊಡ್ಡ ಸಭೆಯಲ್ಲಿ ಇದ್ದಕ್ಕಿದ್ದಂತೆ ವಾಣಿ ಬರುವುದು ಕಷ್ಟ.

ಒಂದು ಎಚ್ಚರಿಕೆಯೂ ಅವಶ್ಯ. ತನ್ನವರನ್ನು ವಿರೋಧಿಸುವುದೆಲ್ಲ ಧೈರ್ಯವಲ್ಲ. ಹಟಕ್ಕಾಗಿ, ಹೆಸರಿಗಾಗಿ, ಎದುರಾಡುವ ಚಟಕ್ಕಾಗಿ ವಿರೋಧಿಸುವವರೂ ಉಂಟು. ಇಂದಂತೂ ಕೈಯಲ್ಲಿ ಹಿಡಿದ ಫೋನಿನ ಹಿಂದೆ ಹೆಸರು ಮರೆಸಿಕೊಂಡು ಯಾರನ್ನು ಬೇಕಾದರೂ ಬೈಯಬಹುದು. ಅದಕ್ಕೆ ಅಂತಃಪುರದ ಉತ್ತರನ ಧೈರ್ಯ ಸಾಕು. ನಿಜವಾದ ಧೈರ್ಯಕ್ಕೆ ಎರಡು ಗುರುತುಗಳಿವೆ: ಆಡಿದ ಮಾತಿನ ಬೆಲೆಯನ್ನು ತಾನೇ ತೆರಬೇಕು, ಅದರ ಫಲ ತನಗಿಂತ ದುರ್ಬಲನಾದ ಇನ್ನೊಬ್ಬನಿಗೆ ದಕ್ಕಬೇಕು. ಬೆಲೆ ಬೇರೆಯವರು ತೆತ್ತು ಫಲ ತನಗೆ ಬರುವಂತಿದ್ದರೆ ಅದಕ್ಕೆ ಧೈರ್ಯವೆಂಬ ಹೆಸರು ಸಲ್ಲದು.

ಕೆಚ್ಚು ಎಂಬ ಮಾತಿಗೆ ಮರಳಿ ಬರುತ್ತೇನೆಂದು ಹೇಳಿದ್ದೆ. ಹಲಸಿನ ಮರವನ್ನೋ ತೇಗದ ಮರವನ್ನೋ ಕೊಯ್ದಾಗ ಹೊರಗೆ ಬಿಳಿಯ ಮೆದುಭಾಗ, ಒಳಗೆ ಬಣ್ಣಗೂಡಿದ ಗಟ್ಟಿಭಾಗ ಕಾಣುತ್ತದೆ. ಆ ಒಳಭಾಗವೇ ಕೆಚ್ಚು. ಹೊರಗಿನದನ್ನು ಗೆದ್ದಲು ಬೇಗ ತಿನ್ನುತ್ತದೆ, ಕೆಚ್ಚಿಗೆ ಬಾಯಿ ಹಾಕಲಾರದು. ಆದ್ದರಿಂದಲೇ ಬಡಗಿ ಕಂಬಕ್ಕೂ ಹೊಸ್ತಿಲಿಗೂ ಕೆಚ್ಚಿನ ಮರವನ್ನೇ ಆರಿಸುತ್ತಾನೆ. ಎಳೆಯ ಗಿಡದಲ್ಲಿ ಕೆಚ್ಚಿರುವುದಿಲ್ಲ. ಹಿಂದೊಮ್ಮೆ ಮೆದುವಾಗಿದ್ದ ಭಾಗವೇ ವರ್ಷದಿಂದ ವರ್ಷಕ್ಕೆ, ಸುತ್ತಿನಿಂದ ಸುತ್ತಿಗೆ ಗಟ್ಟಿಯಾಗುತ್ತ ಕೆಚ್ಚಾಗುತ್ತದೆ. ಹೊರಗಿನಿಂದ ನೋಡಿದರೆ ಯಾವ ಮರದಲ್ಲಿ ಎಷ್ಟು ಕೆಚ್ಚಿದೆಯೆಂದು ತಿಳಿಯುವುದೂ ಇಲ್ಲ. ಕೆಚ್ಚೆದೆ ಎಂಬ ಸಮಾಸವನ್ನು ಮೊದಲು ನುಡಿದ ಅಜ್ಞಾತ ಕನ್ನಡಿಗನಿಗೆ ಇದೆಲ್ಲವೂ ತಿಳಿದಿತ್ತೆಂದು ಕಾಣುತ್ತದೆ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಮಕ್ಕಳಿಗೆ ‘ಹೆದರಬೇಡ’ ಎಂದು ಹೇಳುವುದು ಸುಲಭ. ಅದರ ಬದಲು ‘ಹೆದರಿಕೆ ಇರಲಿ, ಆದರೂ ನಿಜ ಹೇಳು, ನಿನ್ನ ಪಕ್ಕದಲ್ಲಿ ನಾನಿದ್ದೇನೆ’ ಎಂದು ಹೇಳಿ, ಹೇಳಿದಂತೆ ಪಕ್ಕದಲ್ಲಿ ನಿಂತರೆ, ಆ ಮಗುವಿನ ಎದೆಯಲ್ಲಿ ಕೆಚ್ಚಿನ ಮೊದಲ ಸುತ್ತು ಬಲಿಯುತ್ತದೆ.